ನಾನು ಕರೆದ ಗೌಜಲಹಕ್ಕಿಗಳು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಡುವೆ ಎಲ್ಲೋ ಸಿಕ್ಕಿಬೀಳುವುದು ಬೇಡ. ಉರುಲು ಕಟ್ಟಿದವನು ನಾನಲ್ಲ. ಕತ್ತು ತಿರುಚಿದವನು ನಾನಲ್ಲ. ತಿಂದವನಂತೂ ಅಲ್ಲವೇ ಅಲ್ಲ. ಆದರೆ ಆ ಹಕ್ಕಿಗಳನ್ನು ಕರೆದವನು ನಾನು. ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಬಾಯಿಗೆ ಮುಚ್ಚಿ, ಅವುಗಳ ದನಿಯಲ್ಲೇ ಕರೆದೆ. ಬಂದವು. ಎಷ್ಟು ಚೆನ್ನಾಗಿ ಕರೆದೆನಲ್ಲ ಅಂತ ಆವತ್ತು ಹೆಮ್ಮೆಯೂ ಆಯಿತು. ಈಗ ನೆನೆದರೆ ಹುಳಿತೇಗು ಗಂಟಲಿಗೆ ಬಂದು ನಿಂತ ಹಾಗಾಗುತ್ತದೆ.

ನನಗೆ ಅಣಕಿಸುವ ಚಟ ಚಿಕ್ಕಂದಿನಿಂದ. ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ತಡ ಅಂತ ಮೈಕಿನಲ್ಲಿ ಹೇಳುವ ಹೆಂಗಸು, ‘ಹಗ್ರೆ ಹಗ್ರೆ ಹಗ್ರೆ, ಬೇಲೂರ್ ಬೇಲೂರ್’ ಅಂತ ಒಂದೇ ಉಸಿರಿಗೆ ಹೇಳಿ ಎಲೆಅಡಿಕೆ ಉಗಿಯುವ ಕಂಡಕ್ಟರು, ಮಠದಲ್ಲಿ ಪ್ರವಚನ ಮಾಡುವಾಗ ಪ್ರತಿ ಮಾತಿನ ಕೊನೆಗೂ ಮೂಗಿನಿಂದ ಗಾಳಿ ಬಿಡುವ ಹಿರಿಯರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ಅಪ್ಪನಿಗೆ ಕೊಬ್ಬರಿ ವ್ಯಾಪಾರ. ಒಣಗಲು ಇಟ್ಟ ಗಿಟಕು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಒಣಗಿದೆಯೋ ಇಲ್ಲವೋ ಅಂತ ಕೇಳುವಾಗ ಅವನ ಮುಖ ಟೆಲಿಫೋನಿನಲ್ಲಿ ಕೆಟ್ಟ ಸುದ್ದಿ ಕೇಳಿದವರ ಹಾಗೆ ಆಗುತ್ತಿತ್ತು. ಅದನ್ನೂ ಮಾಡಿ ತೋರಿಸುತ್ತಿದ್ದೆ. ಯಾರೂ ಸಿಗದ ದಿನ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ಕಾಲೇಜಿನಲ್ಲಿ ಹುಡುಗಿ ಯಾರಾದರೂ ನೋಟ್ಸ್ ಕೇಳಿದರೆ ನನ್ನ ದನಿ ಹೇಗೆ ಮೇಕೆಮರಿ ದನಿ ಆಗುತ್ತದೆ ಅನ್ನುವುದು ನನ್ನ ಗೆಳೆಯರಿಗೆ ಬಹಳ ಇಷ್ಟದ ಐಟಂ.

ನಮ್ಮೂರಿನಲ್ಲಿ ಒಬ್ಬ ಕಂಟ್ರಾಕ್ಟರ್ ಇದ್ದರು. ರಸ್ತೆ, ಮೋರಿ, ಶಾಲೆಯ ಕಾಂಪೌಂಡು, ಎಲ್ಲ ಅವರದೇ. ಮಾತಾಡುವ ಮೊದಲು ಎರಡು ಸಲ ಗಂಟಲು ಕ್ಯಾಕರಿಸಿ, ಮೂರನೆಯದಕ್ಕೆ ‘ಅಲ್ಲಾ…’ ಅಂತ ಶುರು ಮಾಡುವವರು. ಒಂದು ದಿನ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ನಾನು ಅವರ ಕ್ಯಾಕರಿಕೆ ಮಾಡುತ್ತಿದ್ದಾಗ ಗೆಳೆಯರ ನಗು ಒಮ್ಮೆಗೇ ನಿಂತಿತು. ತಿರುಗಿ ನೋಡಿದರೆ ಅವರೇ ನಿಂತಿದ್ದಾರೆ. ಕಪಾಳಕ್ಕೆ ಬೀಳುತ್ತದೆ ಅಂತ ಕಣ್ಣು ಮುಚ್ಚಿಕೊಂಡೆ. ಅವರು ಎರಡು ಸಲ ಕ್ಯಾಕರಿಸಿ ಕೇಳಿದರು.

“ಅಲ್ಲಾ… ಮನುಷ್ಯರ್ದು ಬಿಡು. ಹಕ್ಕಿ ಬತ್ತದಾ?”

“ಯಾವ ಹಕ್ಕಿ ಸಾರ್?”

“ಗೌಜ್ಲಕ್ಕಿ ಕಣೋ.”

ಬರುತ್ತಿತ್ತು. ಕಾವಲಿನ ಕಡೆ, ಅಂದರೆ ಊರಾಚೆ ದನ ಮೇಯಲು ಬಿಟ್ಟ ಕುರುಚಲು ಬಯಲಿನ ಕಡೆ ಸೈಕಲ್ ಹೊಡೆದುಕೊಂಡು ಹೋದಾಗೆಲ್ಲ ಕೇಳಿ ಕೇಳಿ ಕಲಿತಿದ್ದೆ. ಮೊದಲು ಎರಡು ಸಲ ಕೊಕ್ಕಿನಲ್ಲಿ ಲೊಚಗುಟ್ಟಿದ ಹಾಗೆ, ಆಮೇಲೆ ‘ಕಟೀಲ ಕಟೀಲ ಕಟೀಲ’ ಅಂತ ಏರುತ್ತಾ ಹೋಗುವುದು. ಹೋಟೆಲಿನಲ್ಲೇ ಕೂಗಿದೆ. ದೋಸೆ ಹುಯ್ಯುವವನು ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿದ. ಕಂಟ್ರಾಕ್ಟರ್ ನನ್ನ ಕಾಫಿಗೆ ತಾವೇ ದುಡ್ಡು ಕೊಟ್ಟು, “ಭಾನುವಾರ ಬೆಳಿಗ್ಗೆ ಜೀಪ್ ಕಳಿಸ್ತೀನಿ, ರೆಡಿ ಇರು” ಅಂದರು. ಜೀಪಿನ ಮುಂದಿನ ಸೀಟು ಅಂದರೆ ಆ ವಯಸ್ಸಿಗೆ ಸಾಮಾನ್ಯವೇ? ಕರೆಯುವ ಮೊದಲೇ ಹತ್ತಿ ಕೂತೆ.

ಮಾಲೇಕಲ್ಲು ಬೆಟ್ಟ ಆಚೆಗೆ ಮಸುಕಾಗಿ ಕಾಣುವ ಒಂದು ಕಾವಲು. ಬಂದ್ರೆ ಗಿಡ, ತಂಗಡಿ, ಕಾರೆಮುಳ್ಳು. ಕಂಟ್ರಾಕ್ಟರ್ ಒಂದು ಉದ್ದ ಹಗ್ಗಕ್ಕೆ ನೈಲಾನ್ ದಾರದ ಉರುಲುಗಳನ್ನು ಸಾಲಾಗಿ ಕಟ್ಟಿಸಿಕೊಂಡಿದ್ದರು. ಅದನ್ನು ಗಿಡಗಳ ಬುಡದಲ್ಲಿ ಹರವಿ, ನನ್ನನ್ನು ಹಿಂದೆ ಕೂರಿಸಿದರು. ನಾನು ಕೂಗಿದೆ. ಎದುರಿನಿಂದ ಉತ್ತರ ಬಂತು. ಮತ್ತೆ ಕೂಗಿದೆ, ಉತ್ತರ ಹತ್ತಿರವಾಯಿತು. ಆಮೇಲೆ ಒಂದು ಗಂಡು ಹಕ್ಕಿ ಕತ್ತು ನೀಟಿಕೊಂಡು, ಪಂಚೆ ಎತ್ತಿ ಕಟ್ಟಿ ಜಗಳಕ್ಕೆ ಬರುವ ಪಕ್ಕದ ಮನೆ ಯಜಮಾನನ ಹಾಗೆ ಓಡಿ ಬಂತು.

ಅದರ ಗುಟ್ಟು ಇಷ್ಟೇ. ಗೌಜಲಹಕ್ಕಿಗೆ ಆ ಕೂಗು ಬೈಗುಳ. ‘ಇದು ನನ್ನ ಜಾಗ, ಧೈರ್ಯ ಇದ್ದರೆ ಬಾ’ ಅಂತ. ಯಾರೋ ಹೊರಗಿನವನು ತನ್ನ ಹಿತ್ತಿಲಲ್ಲಿ ನಿಂತು ಬೈಯುತ್ತಿದ್ದಾನೆ ಅಂದುಕೊಂಡು ಮನೆ ಕಾಯಲು ಅದು ಓಡಿ ಬರುತ್ತದೆ. ನಾನು ಊರಲ್ಲಿ ಅಣಕಿಸಿದರೆ ಜನ ಹೊಡೆಯಲು ಬರುತ್ತಿದ್ದರು, ನಾನು ತಪ್ಪಿಸಿಕೊಳ್ಳುತ್ತಿದ್ದೆ. ಇಲ್ಲಿ ಹೊಡೆಯಲು ಬಂದವರೇ ಸಿಕ್ಕಿಕೊಳ್ಳುತ್ತಿದ್ದರು. ನನಗೆ ಅದು ತಮಾಷೆ ಅನ್ನಿಸಿತ್ತು. ಹಾಗೆ ಅನ್ನಿಸಿತ್ತು ಅಂತ ಬರೆಯಲು ಈಗ ಕೈ ಹಿಂದೆಗೆಯುತ್ತದೆ, ಆದರೂ ಅನ್ನಿಸಿದ್ದು ನಿಜ.

ನಮ್ಮದು ಲಿಂಗ ಕಟ್ಟುವ ಮನೆ. ಮೊಟ್ಟೆಯ ಚಿತ್ರ ಇರುವ ಕ್ಯಾಲೆಂಡರನ್ನೂ ಅಡುಗೆಮನೆಯಲ್ಲಿ ತೂಗುಹಾಕದ ಮನೆ. ಮೊದಲ ಭಾನುವಾರ ಸಂಜೆ ನನ್ನ ಅಂಗಿ ಒಗೆಯಲು ಹೋದ ಅಮ್ಮನಿಗೆ ಜೇಬಿನಲ್ಲಿ ಒಂದು ಗರಿ ಸಿಕ್ಕಿತು. ಕಂದು ಬಣ್ಣದ, ಅಡ್ಡಪಟ್ಟೆಯ ಚಿಕ್ಕ ಗರಿ. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಬಂದಳು.

“ತಿಂದ್ಯಾ?”

“ಇಲ್ಲಮ್ಮ. ಬರೀ ಕೂಗಿದೆ.”

“ಮುಟ್ಟಿದ್ಯಾ?”

“ಅದು ತಾನೇ ಬಂದು ಬಿತ್ತು.”

“ಸದ್ಯ. ಹೋಗು, ತಲೆಗೆ ನೀರು ಹುಯ್ಕೊಂಡು ಬಾ. ಲಿಂಗಕ್ಕೆ ಹಂಗೇ ಕೈ ಹಚ್ಚೀಯ.”

ಗರಿಯನ್ನು ಕಾಂಪೌಂಡಿನಾಚೆ ಎಸೆದಳು. ನಮ್ಮ ಮನೆಯ ಎಲ್ಲ ಕಸವೂ ಹೋಗುತ್ತಿದ್ದದ್ದು ಅಲ್ಲಿಗೇ. ಇರುವೆ ಸಾಲು ಕೊಬ್ಬರಿಗೆ ಹತ್ತಿದರೆ ಸಾಯಿಸದೆ ಅರಿಶಿನ ಎರಚಿ ಓಡಿಸುತ್ತಿದ್ದ ಅಮ್ಮ, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿದ ಮುಸುರೆಯನ್ನು ಅದೇ ಗೋಡೆಯಾಚೆ ಬಿಸಾಡುತ್ತಿದ್ದಳು. ಬೀದಿಯ ಹಸು ಕವರಿನ ಸಮೇತ ಅದನ್ನು ನುಂಗುತ್ತಿತ್ತು. ಮಾರನೇ ದಿನ ಅದೇ ಹಸುವಿನ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ನಮ್ಮ ಮನೆಯ ಅಹಿಂಸೆ ಕಾಂಪೌಂಡಿನ ತನಕ. ನಾನು ಅಮ್ಮನನ್ನು ಆಡಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅವಳ ‘ಸದ್ಯ’ ಅನ್ನುವ ಮಾತನ್ನು ಎರಡು ಚಳಿಗಾಲ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದವನು ನಾನು. ನಾನು ತಿನ್ನಲಿಲ್ಲವಲ್ಲ.

ಆ ಕಾವಲಿನ ಒಂದು ಮೂಲೆಯಲ್ಲಿ ಒಡೆದುಹೋದ ಹಳೆಯ ಕೆರೆಕಟ್ಟೆಯೊಂದಿತ್ತು. ಅದರ ಕೆಳಗಿನ ದಟ್ಟ ಪೊದೆಯಲ್ಲಿ ಒಂದು ಗೌಜಲಹಕ್ಕಿ ಸಂಸಾರ. ಅಲ್ಲಿ ಆಡು ಮೇಯಿಸಲು ಬರುತ್ತಿದ್ದ ಅಜ್ಜಿಯೊಬ್ಬರ ಪರಿಚಯವಾದದ್ದು ನಾನು ಒಬ್ಬನೇ ಸೈಕಲ್ಲಿನಲ್ಲಿ ಹೋಗಿ ಕೂಗು ಸಾಧನೆ ಮಾಡುತ್ತಿದ್ದ ದಿನ. ಬೆನ್ನ ಹಿಂದೆ ದನಿ ಕೇಳಿತು.

“ನಿನ್ನ ಹಕ್ಕಿಗೆ ನೆಗಡಿ ಆಗೈತೆ ಕಣ್ಲಾ.”

ತಿರುಗಿ ನೋಡಿದರೆ ಅಜ್ಜಿ, ಕೈಯಲ್ಲಿ ಸೊಪ್ಪು ಕೊಯ್ಯುವ ದೋಟಿ, ಬಾಯಲ್ಲಿ ಹೊಗೆಸೊಪ್ಪು. ನನಗೆ ಅವಮಾನವಾಯಿತು. ಅಣಕದಲ್ಲಿ ತಪ್ಪು ಹಿಡಿದವರು ಅದುವರೆಗೆ ಯಾರೂ ಇರಲಿಲ್ಲ. ಹೇಗೆ ಕೂಗಬೇಕು ಹಾಗಾದರೆ ಅಂದೆ. ಅವರು ಹೊಗೆಸೊಪ್ಪನ್ನು ದವಡೆಗೆ ಒತ್ತರಿಸಿಕೊಂಡು ಬೇರೆಯೇ ಒಂದು ದನಿ ತೆಗೆದರು. ಮೆಲ್ಲಗೆ, ಗುಟುರು ಹಾಕಿದ ಹಾಗೆ, ನಡುನಡುವೆ ಒಂದು ಸೀಳು.

“ಇದು ಜಗ್ಳದ್ದಲ್ಲ. ನಾಯಿ ಗೀಯಿ ನುಗ್ಗಿ ಚದುರಿಹೋದ್ವು ಅನ್ನು, ಆಮ್ಯಾಕೆ ತಾಯಿ ಮರಿಗಳ್ನ ಹಿಂಗೇ ಕರೀತದೆ. ಎಲ್ಲ ಬತ್ತವೆ.”

ಒಂದು ಗಳಿಗೆಯಲ್ಲಿ ಕಲಿತೆ. ಮೂರನೇ ಸಲಕ್ಕೆ ಅಜ್ಜಿ ಬೆನ್ನು ಬಡಿದು, “ಅಬ್ಬಾ ಕಳ್ಳ, ನನ್ನೇ ಮೀರಿಸ್ತೀಯಲ್ಲೋ” ಅಂದರು. ಅವರ ನಡಿಗೆಯನ್ನೂ, ಕಂಟ್ರಾಕ್ಟರ್ ಕ್ಯಾಕರಿಕೆಯನ್ನೂ ಅಣಕಿಸಿ ತೋರಿಸಿದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ನಗು ನಿಲ್ಲಿಸಿ ಕೇಳಿದರು.

“ಜೀಪ್ನಾಗೆ ಬತ್ತಾರಲ್ಲ, ಅವ್ರ ಜೊತೇಲಿ ಕೂಗೋನು ನೀನೇ ಅಲ್ವಾ?”

ಸುಳ್ಳು ಹೇಳಲು ಬಾಯಿ ತೆರೆದವನು ಹೂಂ ಅಂದೆ.

“ನಾನೂ ತಿಂದಿವ್ನಿ. ಇಲ್ಲ ಅನ್ನಕಿಲ್ಲ. ನನ್ನ ಯಜಮಾನ ವರ್ಸಕ್ಕೆ ಒಂದೋ ಎರಡೋ ಹಿಡಿಯೋನು, ಮರಿ ಇರೋ ಕಾಲ್ದಾಗೆ ಮುಟ್ತಿರ್ಲಿಲ್ಲ. ಈಗ ಈ ಬಯಲಾಗೆ ಈ ಪೊದೇಲಿರೋವು ಮಾತ್ರ ಉಳಿದಿರೋದು ಕಣಪ್ಪ. ನಂಗೆ ಕಣ್ಣು ಮಂಜಾಗೈತೆ. ತೋಳ ಬಂದ್ರೆ ನಂಗೆ ಕಾಣಕಿಲ್ಲ, ಇವಕ್ಕೆ ಕಾಣ್ತದೆ. ಬರ್ರಂತ ಏಳ್ತವೆ, ನಾನು ಆಡು ಒತ್ತರಿಸ್ಕೋತೀನಿ. ಇವ್ನ ಬಿಟ್ಬುಡು.”

“ಬಿಟ್ಟೆ ಅಜ್ಜಿ.”

“ನಿನ್ನ ದನೀಲಿ ಹೇಳು. ಆ ಕಂಟ್ರಾಕ್ಟ್ರು ದನೀಲಿ ಬ್ಯಾಡ.”

ನನ್ನ ದನಿಯಲ್ಲೇ ಹೇಳಿದೆ. ಕಟ್ಟೆ ಕೆಳಗೆ ಯಾರನ್ನೂ ಕರೆತರುವುದಿಲ್ಲ, ನೀವು ಹೇಳಿಕೊಟ್ಟ ಕೂಗನ್ನು ಬೇಟೆಗೆ ಬಳಸುವುದಿಲ್ಲ ಅಂದೆ. ಅವರು ಸೊಂಟದ ಚೀಲದಿಂದ ಹುರಿದ ಅವರೆಕಾಳು ತೆಗೆದು ಅಂಗೈಗೆ ಹಾಕಿದರು.

ಎರಡನೇ ಚಳಿಗಾಲ ಕಂಟ್ರಾಕ್ಟರ್ ಹತ್ತಿರ ಬೆಂಗಳೂರಿನಿಂದ ಒಬ್ಬ ಅತಿಥಿ ಬಂದರು. ಯಾವುದೋ ಬಿಲ್ಲಿಗೆ ಸಹಿ ಹಾಕುವ ದೊಡ್ಡ ಅಧಿಕಾರಿ. ಬೆಳಿಗ್ಗೆ ಬೇಟೆ, ಆಮೇಲೆ ಹಳೇಬೀಡು ನೋಡಿ, ಹಗರೆ ಹತ್ತಿರದ ತೋಟದಲ್ಲಿ ಊಟ, ಸಂಜೆ ಬೇಲೂರು ಅಂತ ಕಾರ್ಯಕ್ರಮ. ಅತಿಥಿಗಳು ಬಿಳಿ ಬೂಟು ಹಾಕಿಕೊಂಡು ಕಾವಲಿಗೆ ಇಳಿದರು. ನಾನು ಕೂಗಿದೆ. ಉತ್ತರವಿಲ್ಲ. ಜಾಗ ಬದಲಿಸಿ ಕೂಗಿದೆ. ಇಲ್ಲ. ಮೂರನೇ ಜಾಗ, ನಾಲ್ಕನೇ ಜಾಗ. ಎಲ್ಲಿಂದ ಬರಬೇಕು ಉತ್ತರ? ಉತ್ತರ ಕೊಡುವವರನ್ನೆಲ್ಲ ಹಿಂದಿನ ಚಳಿಗಾಲವೇ ಜೀಪಿಗೆ ತುಂಬಿ ಆಗಿತ್ತು. ಖಾಲಿ ಬಯಲಿನಲ್ಲಿ ನಾನೊಬ್ಬನೇ ನನ್ನ ಜೊತೆ ಜಗಳ ಆಡುತ್ತಿದ್ದೆ.

“ಏನ್ರೀ, ನಿಮ್ಮ ಕಲಾವಿದರು ಬರೀ ಹೋಟೆಲಲ್ಲಿ ಕೂಗೋದಾ?” ಅಂದರು ಅತಿಥಿಗಳು.

ಕಂಟ್ರಾಕ್ಟರ್ ನನ್ನ ಕಡೆ ನೋಡಿ ಎರಡು ಸಲ ಕ್ಯಾಕರಿಸಿದರು. ‘ಅಲ್ಲಾ’ ಅನ್ನಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಎಲ್ಲರನ್ನೂ ಅಣಕಿಸುವವನಿಗೆ ತನ್ನನ್ನು ಯಾರಾದರೂ ಅಣಕಿಸಿದರೆ ತಡೆಯಲು ಆಗುವುದಿಲ್ಲ, ಇದು ನಮ್ಮಂಥ ಅಣಕುಗಾರರ ರೋಗ.

“ಇನ್ನೊಂದು ಜಾಗ ಇದೆ ಸಾರ್,” ಅಂದೆ.

ಇಷ್ಟು ಸುಲಭವಾಗಿ ಅಂದೆ. ಯಾರೂ ನನ್ನ ಕೈ ತಿರುಚಲಿಲ್ಲ. ಒಡೆದ ಕಟ್ಟೆಯ ಕೆಳಗೆ ಉರುಲು ಹರವಿದರು. ಅಜ್ಜಿ ಬರುವ ಹೊತ್ತು ಇನ್ನೂ ಆಗಿರಲಿಲ್ಲ ಅಂತ ನನಗೆ ಗೊತ್ತಿತ್ತು, ಅದನ್ನೂ ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಮೊದಲು ಜಗಳದ ಕೂಗು ಕೂಗಿದೆ. ಗಂಡು ಒಂದು ಸಲ ಉತ್ತರ ಕೊಟ್ಟು ಸುಮ್ಮನಾಯಿತು. ಅನುಭವಸ್ಥ ಹಕ್ಕಿ. ಅತಿಥಿಗಳು ವಾಚ್ ನೋಡಿಕೊಂಡರು. ಆಗ ನಾನು ಕಂಟ್ರಾಕ್ಟರ್ ಕಿವಿಯಲ್ಲಿ, ಒಂದು ಸಲ ಪೊದೆಗೆ ಕಲ್ಲು ಹೊಡೆಸಿ ಅಂದೆ. ಹೊಡೆಸಿದರು. ಹಕ್ಕಿಗಳು ದಿಕ್ಕಾಪಾಲಾಗಿ ಹಾರಿದವು. ಸ್ವಲ್ಪ ಹೊತ್ತು ಬಿಟ್ಟು ನಾನು ಬಾಯಿಗೆ ಕೈ ಮುಚ್ಚಿ, ಅಜ್ಜಿ ಕಲಿಸಿದ ಕೂಗು ಕೂಗಿದೆ. ಬನ್ನಿ ಮಕ್ಕಳಾ, ಅಪಾಯ ಕಳೆಯಿತು, ನಾನಿಲ್ಲಿದ್ದೇನೆ ಅಂತ.

ಎಲ್ಲ ಬಂದವು. ಅರೆಬಲಿತ ಮರಿಗಳು ಮೊದಲು, ಒಂದರ ಹಿಂದೆ ಒಂದು, ಗಿಡದ ಬುಡದಲ್ಲಿ ನುಸುಳಿಕೊಂಡು, ಗಾಬರಿಯಲ್ಲೂ ಮೆಲ್ಲಗೆ ಉತ್ತರ ಕೊಡುತ್ತಾ. ಮರಿಗಳು ಒದ್ದಾಡುವ ಸದ್ದಿಗೆ ತಾಯಿ ಬಂತು. ಕೊನೆಗೆ ಆ ಅನುಭವಸ್ಥ ಗಂಡೂ ಬಂತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಮರಿಗಳನ್ನಾದರೂ ಬಿಟ್ಟುಬಿಡೋಣ ಸಾರ್ ಅಂದೆ. “ಯಾಕೆ? ಮೂಳೆ ಮೆತ್ತಗಿರತ್ತೆ,” ಅಂದರು ಅತಿಥಿಗಳು, ಬದನೆಕಾಯಿ ಬಗ್ಗೆ ಹೇಳುವ ಹಾಗೆ. ಕಾಲುಗಳನ್ನು ತೆಂಗಿನ ಹುರಿಯಲ್ಲಿ ಕಟ್ಟಿ, ಗೋಣಿಚೀಲಕ್ಕೆ ಹಾಕಿ, ಜೀಪಿನ ಸೀಟಿನ ಕೆಳಗೆ ತಳ್ಳಿದರು. ಬಿಸಿಬಿಸಿ ತಿನ್ನಬೇಕಲ್ಲ, ಅದಕ್ಕೆ ಜೀವ ಸಮೇತ.

ಹಳೇಬೀಡಿನ ತನಕ ಆ ಚೀಲ ನನ್ನ ಹಿಮ್ಮಡಿಗೆ ತಾಗುತ್ತಿತ್ತು. ಒಳಗೆ ಏನೋ ಕೆರೆದಂತೆ, ಆಮೇಲೆ ಸುಮ್ಮನೆ, ಮತ್ತೆ ಕೆರೆದಂತೆ. ಚೀಲದಿಂದ ಹಿಕ್ಕೆಯ ವಾಸನೆ, ಅತಿಥಿಗಳ ಮೈಯಿಂದ ಸೆಂಟಿನ ವಾಸನೆ. ದೇವಸ್ಥಾನದ ಮುಂದೆ ಜೀಪು ನಿಲ್ಲಿಸಿ, ಚೀಲವನ್ನು ನೆರಳಲ್ಲಿ ಇರಲಿ ಅಂತ ಇನ್ನೂ ಒಳಕ್ಕೆ ಒತ್ತಿದರು. ಗೋಡೆಯ ಬುಡದಲ್ಲಿ ಸುತ್ತಲೂ ಕೆತ್ತಿದ ಸಾಲುಗಳ ಮುಂದೆ ಅತಿಥಿಗಳು ಬಹಳ ಹೊತ್ತು ನಿಂತರು. ಆನೆ, ಕುದುರೆ, ಬಳ್ಳಿ, ಹಂಸ. ಒಂದು ಕಲ್ಲಿನ ಹಂಸದ ಕತ್ತಿನ ಮೇಲೆ ಬೆರಳಾಡಿಸಿ, “ನೋಡ್ರೀ, ಒಂದರ ಹಾಗೆ ಇನ್ನೊಂದಿಲ್ಲ. ಆ ಶಿಲ್ಪಿಗೆ ಹಕ್ಕಿಗಳ ಮೇಲೆ ಎಂಥ ಪ್ರೀತಿ ಇರಬೇಕು,” ಅಂದರು. ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಅದು ನಟನೆ ಆಗಿದ್ದರೆ ನನಗೆ ಗೊತ್ತಾಗುತ್ತಿತ್ತು, ನಟನೆ ನನ್ನ ಕಸುಬು. ಬೇರೆ ದಿನವಾಗಿದ್ದರೆ ಅಲ್ಲಿನ ಗೈಡುಗಳ ಇಂಗ್ಲಿಷನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಕಂಟ್ರಾಕ್ಟರ್ ಮಾಡು ಅಂತ ಮೊಣಕೈಯಲ್ಲಿ ತಿವಿದರು. ಮಾಡಿದೆ ಕೂಡ. ನಕ್ಕರು.

ಹಗರೆ ಹತ್ತಿರದ ತೋಟದಲ್ಲಿ ಚೀಲ ಬಿಚ್ಚಿದಾಗ ಎರಡು ಮರಿ ಆಗಲೇ ಸತ್ತಿದ್ದವು. ಸತ್ತದ್ದು ಬೇಡ ಅಂತ ಅವನ್ನು ಕಾಲುವೆಗೆ ಎಸೆದರು. ಮೂಳೆ ಮೆತ್ತಗಿರುತ್ತದೆ ಅಂದವರೇ, “ಛೆ, ವಾಸನೆ ಬರತ್ತೆ” ಅಂದರು. ಉಳಿದವನ್ನು ಬಿಸಿನೀರಿಗೆ ಅದ್ದಿ ಗರಿ ಕಿತ್ತರು. ಗರಿ ಕಿತ್ತ ಗೌಜಲಹಕ್ಕಿಯಲ್ಲಿ ಏನಿರುತ್ತದೆ ಅಂದುಕೊಂಡಿದ್ದೀರಿ? ಮುಷ್ಟಿಯಷ್ಟು. ಒದ್ದೆ ಗರಿ ಬೆರಳಿಗೆ ಅಂಟಿ, ಬೆರಳು ಒರೆಸಿದ ತೆಂಗಿನ ಬುಡಕ್ಕೆ ಅಂಟಿ, ಗಾಳಿಗೆ ಬಂದು ನನ್ನ ಎಲೆಗೂ ಅಂಟಿತು. ನನಗೆ ಬೇರೆ ಎಲೆ, ಬೇರೆ ಜಾಗ. “ಸಾವ್ಕಾರ್ರ ಮನೆ ಹುಡುಗ, ಮೈಲಿಗೆ ಆಗ್ಬಾರ್ದು,” ಅಂತ ಕಂಟ್ರಾಕ್ಟರ್ ಹಗರೆಯ ಹೋಟೆಲಿನಿಂದ ಮೊಸರನ್ನ ಕಟ್ಟಿಸಿ ತಂದಿದ್ದರು. ನಾನು ಅತ್ತ ಬೆನ್ನು ಹಾಕಿ ಕೂತು, ಗರಿಯನ್ನು ಎಡಗೈಯಲ್ಲಿ ತೆಗೆದುಹಾಕಿ, ಮೊಸರನ್ನ ತಿಂದೆ. ಪೂರ್ತಿ ತಿಂದೆ. ಉಪ್ಪಿನಕಾಯಿ ಇಲ್ಲವಾ ಅಂತಲೂ ಕೇಳಿದೆ. ಆವತ್ತು ಅಲ್ಲಿದ್ದವರಲ್ಲಿ ಯಾರ ಮೇಲೆ ಅತಿ ಹೆಚ್ಚು ಹೇಸಿಗೆ ಅಂತ ಕೇಳಿದರೆ, ಎಲುಬು ಚೀಪುತ್ತಿದ್ದವರಿಗಿಂತ ಉಪ್ಪಿನಕಾಯಿ ಕೇಳಿದವನ ಮೇಲೆ.

ಊಟವಾದ ಮೇಲೆ ಬಾಟಲಿ, ಪ್ಲಾಸ್ಟಿಕ್ ಲೋಟ, ಗರಿ, ಕರುಳು, ಎಲ್ಲ ಅದೇ ಕಾಲುವೆಗೆ ಹೋಯಿತು. ನೀರು ಎಲ್ಲವನ್ನೂ ತೆಗೆದುಕೊಂಡು ಹೋಗುತ್ತದೆ ಅಂತ ನಮ್ಮವರಿಗೆ ಭಾರಿ ನಂಬಿಕೆ. ಬೇಲೂರಿಗೆ ಹೊರಡೋಣವಾ ಸಾರ್ ಅಂತ ಕಂಟ್ರಾಕ್ಟರ್ ಕೇಳಿದರು. ಅತಿಥಿಗಳು ಕೈ ಮೂಸಿ ನೋಡಿಕೊಂಡು ತಲೆ ಅಲ್ಲಾಡಿಸಿದರು.

“ಬೇಡ ಬೇಡ. ಹಳೇಬೀಡಾದರೆ ಬೆಳಿಗ್ಗೆ ನೋಡಾಯ್ತು. ಬೇಲೂರಲ್ಲಿ ಪೂಜೆ ನಡೆಯತ್ತೆ. ಮಾಂಸ ತಿಂದು ದೇವರ ಮುಂದೆ ಹೋಗಬಾರದು, ಪಾಪ.”

ನಾನಾದರೆ ಹೋಗಬಹುದಿತ್ತು. ಮೊಸರನ್ನ ತಿಂದವನು. ಆ ಯೋಚನೆ ನನಗೆ ಬಂತು ಅನ್ನುವುದೇ ನನ್ನ ಆವತ್ತಿನ ಯೋಗ್ಯತೆ.

ಅದಾದ ಮೇಲೆ ನಾನು ಜೀಪು ಹತ್ತಲಿಲ್ಲ. ಗಂಟಲು ಕೆಟ್ಟಿದೆ ಅಂದೆ. ಕಾವಲಿನ ಕಡೆಗೂ ಹೋಗಲಿಲ್ಲ. ಒಂದು ತಿಂಗಳು ಹಾಗೇ ತಳ್ಳಿದೆ. ಅಷ್ಟರಲ್ಲಿ ನನ್ನೊಳಗೆ ಒಂದು ವಾದ ತಯಾರಾಗಿತ್ತು, ವಕೀಲರ ದನಿಯಲ್ಲಿ. ಉರುಲು ಅವರದು. ಜೀಪು ಅವರದು. ಮರಿ ಬಿಡಿ ಅಂತ ನಾನು ಹೇಳಿದೆ, ಕೇಳದವರು ಅವರು. ನಾನು ಮುಟ್ಟಲಿಲ್ಲ, ತಿನ್ನಲಿಲ್ಲ. ಇದನ್ನು ಅಜ್ಜಿಯ ಮುಂದೆ ಒಂದು ಸಲ ಹೇಳಿಬಿಟ್ಟರೆ, ಅವರು ಬೈದು, ಹೋಗ್ಲಿ ಬಿಡು ಅಂದುಬಿಟ್ಟರೆ, ಮುಗಿಯಿತು ಅಂತ ಲೆಕ್ಕ. ಒಂದು ಬೆಳಿಗ್ಗೆ ಸೈಕಲ್ ತೆಗೆದೆ.

ಅಜ್ಜಿ ಕಟ್ಟೆಯ ಕಲ್ಲಿನ ಮೇಲೆ ಕೂತಿದ್ದರು. ಮೊದಲಿನ ಹಾಗೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿರಲಿಲ್ಲ. ಪೊದೆಯ ಕಡೆ ಮುಖ ಮಾಡಿ, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಒಂದೇ ಸಮ ನೋಡುತ್ತಿದ್ದರು. ಆಡುಗಳನ್ನು ಮೇಯಲು ಬಿಡದೆ ಕಾಲಬುಡದಲ್ಲೇ ಒತ್ತರಿಸಿ ಇಟ್ಟುಕೊಂಡಿದ್ದರು. ಒಂದು ತಾಯಿ ಆಡು ಸುಮ್ಮನೆ ಅರಚುತ್ತಿತ್ತು.

“ಇದರ ಮರಿ ಎಲ್ಲಿ ಅಜ್ಜಿ?”

“ತೋಳ ಒಯ್ತು. ಬಂದಿದ್ದು ಕಾಣ್ಲಿಲ್ಲ ನಂಗೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಅನುಕೂಲವಿತ್ತು. ನಗಿಸೋಣ ಅಂತ ಕಂಟ್ರಾಕ್ಟರ್ ಹಾಗೆ ಎರಡು ಸಲ ಕ್ಯಾಕರಿಸಿದೆ. ಅವರು ಈ ಕಡೆ ತಿರುಗಲೇ ಇಲ್ಲ. ಪೊದೆಯ ಕಡೆ ತಿರುಗಿ ಜಗಳದ ಕೂಗು ಕೂಗಿದೆ, ಎಲ್ಲಾದರೂ ಒಂದು ಉಳಿದಿರಬಹುದು ಅಂತ. ಇನ್ನೊಂದು ಸಲ ಕೂಗಿದೆ. ಬಯಲು ಸುಮ್ಮನಿತ್ತು. ತಾಯಿಯ ಕೂಗಿಗೆ ಬಾಯಿ ತೆರೆದವನು ಮುಚ್ಚಿಕೊಂಡೆ.

“ನಾನು ಕಲ್ಸಿದ್ದನ್ನೇ ಕೂಗ್ದೆ ಅಲ್ವಾ ಆವತ್ತು?” ಅಂದರು ಅಜ್ಜಿ. “ಗರಿ ಎಲ್ಲ ಒಂದೇ ಕಡೆ ಬಿದ್ದಿದ್ವು. ಓಡಿಹೋಗೋ ಹಕ್ಕಿ ಗರಿ ಹಂಗೆ ಬೀಳಕಿಲ್ಲ. ನಂಬ್ಕೊಂಡು ಬಂದವು ಅವು.”

ತಯಾರಾಗಿದ್ದ ವಾದವೆಲ್ಲ ಒಟ್ಟಿಗೆ ಹೊರಬಂತು. ಅತಿಥಿ ಬಂದಿದ್ದರು, ಅವರು ಆಡಿಕೊಂಡರು, ಮರಿ ಬಿಡಿ ಅಂತ ನಾನು ಹೇಳಿದೆ, ನಾನು ಒಂದನ್ನೂ ಮುಟ್ಟಲಿಲ್ಲ. ವಕೀಲರ ದನಿ ನಡುವೆ ಎಲ್ಲೋ ಬಿದ್ದುಹೋಗಿ ನನ್ನ ಮೇಕೆಮರಿ ದನಿ ಬಂದಿತ್ತು. ಕೊನೆಗೆ ಅಂದೆ:

“ಲಿಂಗದಾಣೆ ಅಜ್ಜಿ, ನಾನು ಒಂದು ಚೂರೂ ತಿನ್ನಲಿಲ್ಲ.”

ಅಜ್ಜಿ ಆಗ ನನ್ನ ಕಡೆ ತಿರುಗಿದರು. ಮಂಜು ಕಣ್ಣನ್ನು ಕಿರಿದು ಮಾಡಿಕೊಂಡು, ನನ್ನ ಮುಖ ಎಲ್ಲಿದೆ ಅಂತ ಹುಡುಕಿ, ಅಲ್ಲಿಗೇ ಹೇಳಿದರು.

“ತಿಂದೋರ್ಗೆ ನಾಲ್ಗೆ ಚಪಲ, ಅದು ನಂಗೂ ಗೊತ್ತು. ತಿನ್ನದೇ ಇರೋನು ನೀನು ಯಾತಕ್ಕೆ ಕರ್ದೆ, ಅದ್ನ ಹೇಳು.”